ಹಿತ್ತಾಳೆ ತಟ್ಟೆಯ ಮೇಲಿನ 48

(ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)

ಬೆಳಿಗ್ಗೆಯಿಂದ ಚಿತ್ರಾನ್ನ ಕಲಸಿ ಇನ್ನೂ ಕೂರದೆ ನಿಂತಿರುವವರಿಗೆ ವಿಶೇಷ ನಮಸ್ಕಾರ. ಕಮಿಟಿಯವರು ಹದಿನೈದು ನಿಮಿಷ ಮಾತಾಡು ಅಂದರು. ವಿಷಯ ಏನು ಅಂತ ಕೇಳಿದೆ. ವೀಸಾ ಒಂದು ಬಿಟ್ಟು ಏನಾದರೂ ಆಗಬಹುದು ಅಂದರು. ಹಾಗಾಗಿ ಇಲ್ಲಿ ಪ್ಲೈವುಡ್ ಮೇಲೆ ಅಂಟಿಸಿ ತಂದಿರುವ ಈ ಚಿತ್ರದ ಬಗ್ಗೆ ಮಾತಾಡ್ತೀನಿ. ಹಿಂದೆ ಕೂತವರು ಊಟದ ಹೊತ್ತಿನಲ್ಲಿ ಹತ್ತಿರ ಬಂದು ನೋಡಬಹುದು.

ಇದು ಜಿಗ್‌ಸಾ ಪಝಲ್. ಡಬ್ಬಿ ಮೇಲೆ ಸಾವಿರ ತುಂಡು ಅಂತ ಬರೆದಿದೆ. ಉದ್ದಕ್ಕೆ 38, ಅಗಲಕ್ಕೆ 27, ಗುಣಿಸಿ ನೋಡಿದರೆ 1026. ಸಾವಿರದ ಪಝಲ್‌ಗಳು ಬಹಳಷ್ಟು ಹೀಗೇ ಇರುತ್ತವಂತೆ, ಕತ್ತರಿಸುವ ಅಚ್ಚಿನ ಲೆಕ್ಕ. ಇಲ್ಲೇ ಪಿಸ್ಕಾಟವೇಯಲ್ಲಿ ಒಂದು ಗರಾಜ್ ಸೇಲಿನಲ್ಲಿ ಎರಡು ಡಾಲರ್‌ಗೆ ಸಿಕ್ಕಿದ್ದು. ಚಳಿಗಾಲದಲ್ಲಿ ಹೊರಗಿನ ಕೆಲಸ ಕಡಿಮೆ ಇದ್ದಾಗ ನಮ್ಮ ಮನೆಯ ನಾಲ್ಕು ಜನ ಸೇರಿ ಜೋಡಿಸಿದ್ದು. ಚಿತ್ರ ಏನಪ್ಪಾ ಅಂದರೆ, ಯುರೋಪಿನ ನವೋದಯ ಕಾಲದ ಖಗೋಳ ಉಪಕರಣಗಳು. ಮೂಲೆಗಳಲ್ಲಿ ಬಳೆಗಳನ್ನು ಒಂದರೊಳಗೊಂದು ಸೇರಿಸಿದ ಹಾಗಿರುವ ಗೋಳ, ಕಾಲು ವೃತ್ತದ ಅಳತೆಪಟ್ಟಿ, ನೆರಳು ಗಡಿಯಾರ. ನಡುವೆ ಊಟದ ತಟ್ಟೆಯಷ್ಟು ದೊಡ್ಡದಾಗಿ ಕಾಣುವುದೇ ಅಸ್ಟ್ರೋಲೇಬ್.

ಪಝಲ್ ಅನ್ನೋದು ಮೊದಲು ಆಟಕ್ಕೆ ಹುಟ್ಟಿದ್ದಲ್ಲ. 1760ರ ಆಸುಪಾಸಿನಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಅನ್ನುವ ನಕ್ಷೆ ಕೆತ್ತುವವನು ನಕ್ಷೆಯನ್ನು ಮರದ ಹಲಗೆಗೆ ಅಂಟಿಸಿ, ದೇಶದೇಶದ ಗಡಿಗೆ ಸರಿಯಾಗಿ ಗರಗಸದಲ್ಲಿ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲು ಮಾರಿದ. ಈ ದೇಶದಲ್ಲಿ ಅದರ ದೊಡ್ಡ ಕಾಲ ಬಂದಿದ್ದು ಯಾವಾಗ ಗೊತ್ತಾ? ಜನಕ್ಕೆ ಕೆಲಸ ಇಲ್ಲದಾಗ. 1930ರ ದಶಕದ ಆರ್ಥಿಕ ಕುಸಿತದಲ್ಲಿ, 1933ರ ಶುರುವಿನಲ್ಲಿ, ವಾರಕ್ಕೆ ಒಂದು ಕೋಟಿಯವರೆಗೆ ಪಝಲ್ ಮಾರಾಟವಾಯಿತು ಅಂತ ಲೆಕ್ಕ ಇದೆ. ಕೊಳ್ಳಲು ಆಗದವರಿಗೆ ಬಾಡಿಗೆಗೂ ಕೊಡುತ್ತಿದ್ದರು. ಕೆಲಸ ಹೋದ ಬಡಗಿಗಳು ಮನೆಯಲ್ಲೇ ಕೂತು ಪಝಲ್ ಕೊಯ್ದು ಮಾರಿ ದಿನ ತಳ್ಳಿದರು. ಕೈಯಲ್ಲಿ ಕಸುಬು ಇದ್ದವರು ಕೆಟ್ಟ ಕಾಲದಲ್ಲಿ ಏನೋ ಒಂದು ದಾರಿ ಮಾಡಿಕೊಳ್ಳುತ್ತಾರೆ ನೋಡ್ರಿ.

ಈಗ ಚಿತ್ರಕ್ಕೆ ಬರೋಣ. ಅಂಚು ಮುಗೀತು, ಮೂಲೆ ಮುಗೀತು. ನಡುವಿನ ತಟ್ಟೆ ಮಾತ್ರ ಹದಿನೈದು ದಿನ ತಿಂತು. ಎಲ್ಲಾ ಒಂದೇ ಹಿತ್ತಾಳೆ ಬಣ್ಣ, ಎಲ್ಲಾ ಗೆರೆ. ನನಗೆ ಐಟಿಐನಲ್ಲಿ ಡ್ರಾಯಿಂಗ್ ಕ್ಲಾಸಿನಲ್ಲಿ ಗೆರೆ ಓದಿ ಅಭ್ಯಾಸ ಇರೋದರಿಂದ ಬಣ್ಣ ಬಿಟ್ಟು ಗೆರೆ ಹಿಡಿದು ಹೋದೆ. ಒಂದು ರಾತ್ರಿ ಮೂರು ತುಂಡು ಕೂಡಿದಾಗ ಒಂದು ಸಂಖ್ಯೆ ಕಂಡಿತು, 48. ನಮ್ಮ ಕಸುಬಿನವರಿಗೆ 48 ಅಂದ ಕೂಡಲೇ ನೆನಪಾಗೋದು ವೋಲ್ಟ್. ಆಗಿನ ಕಾಲಕ್ಕೆ ಎಲ್ಲಿಯ ವೋಲ್ಟ್! ದಾವಣಗೆರೆ ತಮ್ಮ ಬೆಲೆ ಇರಬೇಕು ಅಂದ. ಬೀದರ್ ಕಡೆಯ ಅಣ್ಣ ಒಬ್ಬರಿದ್ದಾರೆ, ಅವರು ಸಂಖ್ಯೆ ನೋಡಲೇ ಇಲ್ಲ, ಕೆತ್ತನೆ ನೋಡಿದರು. "ಇದು ನಮ್ಮ ಬಿದರಿ ಕೆಲಸದವರ ಹಾಗೇ ಉಳಿ ಹಿಡಿದು ಕೊರೆದಿದ್ದು, ಅಲ್ಲಿ ಬೆಳ್ಳಿ ತುಂಬ್ತಾರೆ, ಇಲ್ಲಿ ಖಾಲಿ ಬಿಟ್ಟಾರೆ" ಅಂದರು. ಆ ಮಾತು ಸರಿ. ಆದರೆ ಈ 48 ಏನು ಅಂತ ಹುಡುಕಿಕೊಂಡು ಹೋದಾಗಲೇ ನನಗೆ ಇವತ್ತಿನ ವಿಷಯ ಸಿಕ್ಕಿದ್ದು.

ಅಸ್ಟ್ರೋಲೇಬ್ ಹೇಗೆ ಕೆಲಸ ಮಾಡುತ್ತೆ ಅಂತ ನಮ್ಮ ಭಾಷೆಯಲ್ಲಿ ಹೇಳ್ತೀನಿ. ಅಂಚು ಎತ್ತರಿಸಿದ ಒಂದು ದಪ್ಪ ತಟ್ಟೆ, ಲ್ಯಾಟಿನ್ನಿನಲ್ಲಿ ಅದರ ಹೆಸರಿನ ಅರ್ಥವೇ ತಾಯಿ. ತಾಯಿಯ ಒಳಗೆ ಕೂರುವ ತೆಳ್ಳನೆ ತಟ್ಟೆ. ಅದು ತಿರುಗದ ಹಾಗೆ ಒಂದು ಕಚ್ಚು ಇರುತ್ತೆ. ಅದರ ಮೇಲೆ ಜಾಲರಿ, ಬಳ್ಳಿ ಬಳ್ಳಿಯಾಗಿ ಕೊರೆದದ್ದು. ಜಾಲರಿಯ ಒಂದೊಂದು ಚೂಪು ತುದಿಯೂ ಒಂದೊಂದು ನಕ್ಷತ್ರ. ಅದರೊಳಗೇ ಓರೆಯಾಗಿ ಕೂತ ಒಂದು ಉಂಗುರ, ಅದು ವರ್ಷಪೂರ್ತಿ ಸೂರ್ಯ ನಡೆಯುವ ದಾರಿ, ಹನ್ನೆರಡು ರಾಶಿ ಅದರ ಮೇಲೆ. ಎಲ್ಲಕ್ಕೂ ನಡುವೆ ಒಂದು ಪಿನ್ನು, ಪಿನ್ನು ಜಾರದಿರಲು ಒಂದು ಬೆಣೆ. ಆ ಬೆಣೆಗೆ ಅರಬ್ಬಿಯಲ್ಲಿ ಕುದುರೆ ಅಂತ ಹೆಸರು, ಎಷ್ಟೋ ಜನ ಅದನ್ನು ಕುದುರೆ ತಲೆಯ ಹಾಗೇ ಮಾಡುತ್ತಿದ್ದರು. ಹಿಂಬದಿಯಲ್ಲಿ ಎರಡು ತೂತಿನ ಒಂದು ಪಟ್ಟಿ.

ರಾತ್ರಿ ಹೆಬ್ಬೆರಳಿಗೆ ಉಂಗುರ ಸಿಕ್ಕಿಸಿ ನೇತುಹಾಕಿ, ಪಟ್ಟಿಯ ತೂತಿನಲ್ಲಿ ಒಂದು ನಕ್ಷತ್ರ ನೋಡಿ, ಎಷ್ಟು ಡಿಗ್ರಿ ಎತ್ತರ ಅಂತ ಓದಬೇಕು. ಆಮೇಲೆ ಮುಂಬದಿಗೆ ತಿರುಗಿಸಿ, ಆ ನಕ್ಷತ್ರದ ಚೂಪು ತುದಿ ಕೆಳಗಿನ ತಟ್ಟೆಯಲ್ಲಿ ಅಷ್ಟೇ ಡಿಗ್ರಿ ಗೆರೆಗೆ ಬರುವವರೆಗೆ ಜಾಲರಿ ತಿರುಗಿಸಬೇಕು. ಅಷ್ಟಾದರೆ ಆ ಕ್ಷಣದ ಇಡೀ ಆಕಾಶ ಕೈಯಲ್ಲಿ ಬಂತು. ಯಾವ ನಕ್ಷತ್ರ ಹುಟ್ಟುತ್ತಿದೆ, ಯಾವುದು ಮುಳುಗುತ್ತಿದೆ, ಗಂಟೆ ಎಷ್ಟು, ಎಲ್ಲಾ ಅಂಚಿನಲ್ಲಿ ಓದಬಹುದು. ಹಗಲಲ್ಲಾದರೆ ಸೂರ್ಯನನ್ನು ಕಣ್ಣಿಟ್ಟು ನೋಡಬಾರದು. ಮೇಲಿನ ತೂತಿನ ಬೆಳಕು ಕೆಳಗಿನ ತೂತಿಗೆ ಬೀಳುವ ಹಾಗೆ ಹಿಡಿಯೋದು.

ಈಗ 48. ಜಾಲರಿ ಎಲ್ಲಾ ಊರಿಗೂ ಒಂದೇ, ನಕ್ಷತ್ರ ಯಾರಿಗೂ ಬೇರೆ ಅಲ್ಲ. ಕೆಳಗಿನ ತಟ್ಟೆ ಮಾತ್ರ ಊರಿಗೊಂದು. ಯಾಕಂದರೆ ತಟ್ಟೆಯ ಮೇಲಿರೋದು ನೀವು ನಿಂತ ಜಾಗದ ದಿಗಂತ. ಅಕ್ಷಾಂಶ ಬದಲಾದರೆ ದಿಗಂತದ ಗೆರೆ ಬದಲಾಗುತ್ತೆ. 48 ಅಂದರೆ 48 ಡಿಗ್ರಿ ಅಕ್ಷಾಂಶ, ವಿಯೆನ್ನಾ, ಮ್ಯೂನಿಕ್ ಕಡೆಯ ತಟ್ಟೆ. ಪಿಸ್ಕಾಟವೇ ಇರೋದು ನಲವತ್ತೂವರೆಯಲ್ಲಿ. ಈ ಚಿತ್ರದ ಯಂತ್ರ ನಿಜವಾಗಿ ಕೈಗೆ ಸಿಕ್ಕಿದರೂ ಇಲ್ಲಿ ನಿಂತು ನೋಡಿದರೆ ತಪ್ಪು ಗಂಟೆ ತೋರಿಸುತ್ತೆ. ನಮ್ಮ ರಾಣೆಬೆನ್ನೂರಿನಲ್ಲಂತೂ ಕೇಳಲೇಬೇಡಿ, ಅದು ಹದಿನಾಲ್ಕೂವರೆ. ಇದಕ್ಕೇ ಊರೂರು ತಿರುಗುವವರು ಒಂದೇ ತಟ್ಟೆ ಇಟ್ಟುಕೊಳ್ಳುತ್ತಿರಲಿಲ್ಲ. ಎರಡೂ ಬದಿ ಕೆತ್ತಿದ ಮೂರು ನಾಲ್ಕು ತಟ್ಟೆ ತಾಯಿಯ ಹೊಟ್ಟೆಯಲ್ಲೇ ಒಂದರ ಮೇಲೊಂದು ಇರುತ್ತಿದ್ದವು. ಹೊಸ ಊರಿಗೆ ಹೋದರೆ ಬೆಣೆ ಕಿತ್ತು, ಆ ಊರಿನ ತಟ್ಟೆ ಮೇಲೆ ಹಾಕಿ, ಮತ್ತೆ ಬೆಣೆ ಹೊಡೆಯೋದು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಲೇಬೇಕು. ಹೊಸದಾಗಿ ಬಂದ ತಮ್ಮಂದಿರು ಈ ಭಾಗ ಮಾತ್ರವಾದರೂ ಕೇಳಿ. ನಮ್ಮ ಐಟಿಐನಲ್ಲಿ ಮೊದಲ ವಾರವೇ ಬಾಯಿಪಾಠ ಮಾಡಿಸಿದ್ದು, ಕೆಂಪು, ಹಳದಿ, ನೀಲಿ ಮೂರು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಹತ್ತು ವರ್ಷ ಅದೇ ಕೈ. ಇಲ್ಲಿ ಕಪ್ಪು ಅಂದರೆ ಕರೆಂಟ್ ಇರುವ ವೈರು. ಬಿಳಿ ನ್ಯೂಟ್ರಲ್. ಹಸಿರು ಇಲ್ಲವೇ ಬರಿ ತಾಮ್ರ ಅರ್ಥ್, ಇವರ ಬಾಯಲ್ಲಿ ಗ್ರೌಂಡ್. ಅಲ್ಲಿ ನಿಶ್ಚಿಂತೆಯಿಂದ ಮುಟ್ಟಬಹುದು ಅಂತ ಕೈಗೆ ಕಲಿಸಿದ ಬಣ್ಣವೇ ಇಲ್ಲಿ ಹೊಡೆಯುವ ಬಣ್ಣ. ಅಲ್ಲಿ 230 ವೋಲ್ಟ್, 50 ಸೈಕಲ್. ಇಲ್ಲಿ 120, 60 ಸೈಕಲ್. 120 ಅಲ್ಲವಾ ಅಂತ ಸಸಾರ ಮಾಡಬೇಡಿ. ಜೀವ ತೆಗೆಯಲು ಅದು ಧಾರಾಳ ಸಾಕು, ಅದೂ ಅಲ್ಲದೆ ಡ್ರೈಯರ್, ಒಲೆಗಳಿಗೆ ಕಪ್ಪು ಕೆಂಪು ಎರಡೂ ಸೇರಿ 240 ಹೋಗುತ್ತೆ. ಸ್ವಿಚ್ಚೂ ಹಾಗೇ, ಊರಲ್ಲಿ ಕೆಳಗೆ ಒತ್ತಿದರೆ ಆನ್, ಇಲ್ಲಿ ಮೇಲೆ ಎತ್ತಿದರೆ ಆನ್. ಇನ್ನೊಂದು, ಬಿಳಿ ಕಂಡರೆ ನ್ಯೂಟ್ರಲ್ ಅಂತ ಕಣ್ಣು ಮುಚ್ಚಿ ನಂಬಲೂಬೇಡಿ. ಹಳೆ ಮನೆಗಳ ಸ್ವಿಚ್ಚಿನ ಡಬ್ಬಿಯಲ್ಲಿ ಬಿಳಿ ವೈರೂ ಕರೆಂಟ್ ಹೊತ್ತು ಕೂತಿರುತ್ತೆ. ಬ್ರೇಕರ್ ಇಳಿಸಿ, ಟೆಸ್ಟರ್ ಹಚ್ಚಿ, ಆ ಟೆಸ್ಟರ್ ಕೆಲಸ ಮಾಡ್ತಿದೆಯಾ ಅಂತ ಕರೆಂಟ್ ಇರುವ ಕಡೆ ಇನ್ನೊಮ್ಮೆ ನೋಡಿ, ಆಮೇಲೆ ಕೈ.

ನಾನು ಇಲ್ಲಿ ಕೆಲಸಕ್ಕೆ ನಿಂತ ಮೊದಲ ದಿನ ಒಬ್ಬ ಹಿರಿಯ ಮೇಸ್ತ್ರಿ ಇದನ್ನೇ ಹೇಳಿದ್ದ. ನಿನಗೆ ಕೆಲಸ ಬರಲ್ಲ ಅಂತ ಅವನು ಹೇಳಲಿಲ್ಲ. ಓಮ್‌ನ ನಿಯಮ ಇಲ್ಲೂ ಅದೇ, ಬಣ್ಣ ಬೇರೆ ಅಂದ. ಈ 48 ಏನು ಅಂತ ತಿಳಿದ ರಾತ್ರಿ ಆ ಮಾತು ನೆನಪಾಯಿತು. ನಾವು ಊರಲ್ಲಿ ಕಲಿತದ್ದು ಜಾಲರಿ, ಅದನ್ನು ಬಿಸಾಕಬೇಕಿಲ್ಲ. ತಟ್ಟೆ ಮಾತ್ರ ಬದಲಾಯಿಸಬೇಕು, ಅದನ್ನು ಮೊದಲ ದಿನವೇ ಬದಲಾಯಿಸಬೇಕು. ಇಲ್ಲಿಯ ಲೈಸೆನ್ಸ್ ಪರೀಕ್ಷೆಗೆ ಕೂರುವವರಿಗೂ ಇದೇ ಹೇಳ್ತೀನಿ. ಕೋಡ್ ಪುಸ್ತಕ ದಪ್ಪ ಇದೆ ಅಂತ ಹೆದರಬೇಡಿ, ಅರ್ಧ ಭಾಗ ನಿಮ್ಮ ಕೈಗೆ ಆಗಲೇ ಗೊತ್ತಿರೋದು.

ಈ ಯಂತ್ರ ಮಾಡಿದವರು ಯಾರು ಅನ್ನೋದೂ ನನಗೆ ಬಹಳ ಹಿಡಿಸಿತು. ಡಬ್ಬಿ ಮೇಲೆ ಯುರೋಪಿನ ನವೋದಯ ಅಂತ ಇದೆ, ಆದರೆ ಜಾಲರಿಯ ಮೇಲೆ ಯುರೋಪಿನವರು ಕೆತ್ತಿದ ಹೆಸರುಗಳೇ ಅರ್ಧಕ್ಕರ್ಧ ಅರಬ್ಬಿ. ಆಲ್ಡೆಬರಾನ್, ವೇಗಾ, ಆಲ್ಟೇರ್, ಎಲ್ಲಾ ಆ ಕಡೆಯಿಂದ ಬಂದವು. ಗ್ರೀಕರಿಂದ ಅರಬ್ಬರಿಗೆ, ಅವರಿಂದ ಒಂದು ದಾರಿ ಸ್ಪೇನಿಗೆ, ಇನ್ನೊಂದು ನಮ್ಮ ಕಡೆಗೆ. ದಿಲ್ಲಿಯಲ್ಲಿ ಫಿರೋಜ್ ಷಾ ತುಘಲಕನ ಕಾಲದಲ್ಲಿ, 1370ರಲ್ಲಿ, ಮಹೇಂದ್ರ ಸೂರಿ ಅನ್ನುವ ಜೈನ ಮುನಿ ಇದರ ಮೇಲೆ ಸಂಸ್ಕೃತದಲ್ಲಿ ಪುಸ್ತಕ ಬರೆದ. ಅವನು ಇದಕ್ಕೆ ಇಟ್ಟ ಹೆಸರು ಯಂತ್ರರಾಜ. ಜೈಪುರದ ಜಂತರ್ ಮಂತರಿನಲ್ಲಿ ಆಳೆತ್ತರಕ್ಕಿಂತ ದೊಡ್ಡ ಯಂತ್ರರಾಜ ಇವತ್ತಿಗೂ ತೂಗಾಡುತ್ತಿದೆ. ಲಾಹೋರಿನಲ್ಲಿ ಅಲ್ಲಾಹ್‌ದಾದ್ ಅನ್ನುವ ಉಸ್ತಾದನ ಮನೆತನ ಮೊಗಲರ ಕಾಲದಲ್ಲಿ ನಾಲ್ಕು ತಲೆಮಾರು ಇದನ್ನೇ ಕಸುಬಾಗಿ ಮಾಡಿತು. ಅದೇ ಮನೆತನದ ಜಿಯಾ-ಉದ್-ದೀನ್ ಮುಹಮ್ಮದ್ ಮೇಣದ ಅಚ್ಚಿನಲ್ಲಿ ಎಲ್ಲೂ ಬೆಸುಗೆ ಇಲ್ಲದ ಟೊಳ್ಳು ಹಿತ್ತಾಳೆ ಗೋಳ ಎರಕ ಹೊಯ್ದು ಅದರ ಮೇಲೆ ನಕ್ಷತ್ರ ಕೂರಿಸುತ್ತಿದ್ದ. ಬೆಸುಗೆ ಹಾಕುವವರು ಇಲ್ಲಿ ಇದ್ದೀರಲ್ಲ, ನೀವೇ ಹೇಳಿ ಅದು ಎಷ್ಟು ಕಷ್ಟ ಅಂತ. ಅದೇ ಯಂತ್ರದ ಮೇಲೆ ಮಾಡಿದವನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಕೆತ್ತಿರುತ್ತೆ. ನಾವು ಪ್ಯಾನೆಲ್ಲಿನ ಬಾಗಿಲ ಒಳಗೆ ಪೆನ್ಸಿಲಿನಲ್ಲಿ ತಾರೀಕು ಬರೆಯೋದೂ ಹೆಚ್ಚು!

ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಗೆಯೋರ್ಗ್ ಹಾರ್ಟ್‌ಮನ್ ಅನ್ನುವ ಪಾದ್ರಿ ಇದ್ದ, 1489ರಿಂದ 1564. ಅವನು ಹಿತ್ತಾಳೆಯದನ್ನು ಒಂದೇ ಮಾದರಿಯಲ್ಲಿ ತಂಡ ತಂಡವಾಗಿ ಮಾಡಿಸಿದ. ಅದನ್ನು ಕೊಳ್ಳಲು ಆಗದವರಿಗೆ ಕಾಗದದ ಮೇಲೆ ಅಚ್ಚು ಹಾಕಿ ಕೊಟ್ಟ, ಕತ್ತರಿಸಿ ಮರಕ್ಕೋ ರಟ್ಟಿಗೋ ಅಂಟಿಸಿಕೊಳ್ಳಿ ಅಂತ. 1540ರಲ್ಲಿ ಪೀಟರ್ ಅಪಿಯನ್ ಅನ್ನುವವನು ಒಂದು ದೊಡ್ಡ ಪುಸ್ತಕವನ್ನೇ ಹೀಗೆ ಮಾಡಿದ. ಬಣ್ಣ ಹಚ್ಚಿದ ಕಾಗದದ ಚಕ್ರಗಳು ಪುಟದ ಮೇಲೇ ತಿರುಗುತ್ತವೆ, ಗ್ರಹ ಎಲ್ಲಿದೆ ಅಂತ ತೋರಿಸುತ್ತವೆ. ಹಾಗೆ ನೋಡಿದರೆ ಅಂಟಿಸಿದ ರಟ್ಟಿನ ಮೇಲೆ ಆಕಾಶ ನೋಡೋದು ಪಝಲ್ ಕಂಪನಿಯವರು ಕಂಡುಹಿಡಿದದ್ದಲ್ಲ.

ನಮ್ಮ ಕರ್ನಾಟಕವೂ ಆಗ ಸುಮ್ಮನೆ ಕೂತಿರಲಿಲ್ಲ. ವಿಜಯಪುರದಲ್ಲಿ ಒಂದನೇ ಅಲಿ ಆದಿಲ್ ಷಾನ ಕಾಲದಲ್ಲಿ, 1570ರಲ್ಲಿ, ನುಜೂಮ್ ಅಲ್-ಉಲೂಮ್ ಅನ್ನುವ ಚಿತ್ರಗಳ ಹಸ್ತಪ್ರತಿ ತಯಾರಾಯಿತು. ಗ್ರಹ, ರಾಶಿ, ನಕ್ಷತ್ರಗಳ ನೂರಾರು ಬಣ್ಣದ ಚಿತ್ರ. ಅದು ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದೂ ನಮ್ಮ ಹಾಗೆ ಊರು ಬಿಟ್ಟದ್ದು. ಶೃಂಗೇರಿಗೆ ಹೋದವರು ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿ ಕಂಬ ನೋಡಿರುತ್ತೀರಿ. ಬೆಂಗಳೂರಿನವರು ಗವಿ ಗಂಗಾಧರೇಶ್ವರದ ಅಂಗಳದ ಕಲ್ಲಿನ ದೊಡ್ಡ ಚಕ್ರಗಳನ್ನು ನೋಡಿರುತ್ತೀರಿ.

ನನಗೆ ಇನ್ನೂ ಹತ್ತಿರ ಬಂದದ್ದು ಒಂದು ಇದೆ. ಜಾಲರಿಯಲ್ಲಿ ಆಲ್ಡೆಬರಾನ್ ಅಂತ ಇರುವ ಚೂಪು ತುದಿ ಹುಡುಕಿ ನೋಡಿದರೆ ಅದು ನಮ್ಮ ರೋಹಿಣಿ. ಸೂರ್ಯನ ದಾರಿಯ ಉಂಗುರಕ್ಕೆ ತಾಗಿಕೊಂಡ ಹಾಗೇ ಇದೆ. ಊರಲ್ಲಿ ಅಪ್ಪ ಮೇ ಕೊನೆಗೆ ಫೋನಿನಲ್ಲಿ "ರೋಹಿಣಿ ಕೂಡ್ತು", ಜೂನ್ ಎಂಟರ ಸುಮಾರಿಗೆ "ಮಿರಗಾ ಕೂಡ್ತು" ಅಂತಾರೆ. ಬಿತ್ತನೆ ಮಾತು ಅಲ್ಲಿಂದಲೇ ಶುರು. ಚಿಕ್ಕವನಿದ್ದಾಗ ನಾನು ರೋಹಿಣಿ ಮಳೆ ಅಂದರೆ ಆ ರಾತ್ರಿ ರೋಹಿಣಿ ನಕ್ಷತ್ರ ಕಾಣುತ್ತೆ ಅಂದುಕೊಂಡಿದ್ದೆ. ಉಲ್ಟಾ. ಸೂರ್ಯ ಅದರ ಜಾಗಕ್ಕೆ ಬಂದು ನಿಲ್ಲೋದಕ್ಕೇ ರೋಹಿಣಿ ಮಳೆ ಅನ್ನೋದು, ಆಗ ಅದು ಹಗಲಲ್ಲಿ ಸೂರ್ಯನ ಜೊತೆಗೇ ಇರುತ್ತೆ, ಕಾಣೋದೇ ಇಲ್ಲ. ಇಪ್ಪತ್ತೇಳು ನಕ್ಷತ್ರಕ್ಕೆ ವರ್ಷ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ, ಅದೇ ಅಪ್ಪನ ಮಳೆ ಲೆಕ್ಕ. ಶಾಲೆ ಮೂರನೇ ಕ್ಲಾಸಿಗೆ ಬಿಟ್ಟ ಮನುಷ್ಯ, ಆ ಹಿತ್ತಾಳೆ ಉಂಗುರದ ಮೇಲಿನ ಲೆಕ್ಕವನ್ನೇ ಬಾಯಲ್ಲಿ ಇಟ್ಟುಕೊಂಡಿದ್ದಾರೆ.

ನಮ್ಮ ತಟ್ಟೆ ಬದಲಾಗಿದ್ದು ಆಕಾಶದಲ್ಲೇ ಕಾಣುತ್ತೆ, ಯಂತ್ರ ಬೇಕಿಲ್ಲ. ಚಳಿಗಾಲದಲ್ಲಿ ಒಂದೇ ಗೆರೆಯಲ್ಲಿ ನಿಲ್ಲುವ ಮೂರು ಚುಕ್ಕಿ ಎಲ್ಲರಿಗೂ ಗೊತ್ತು. ಊರಲ್ಲಿ ಅದನ್ನು ನೋಡಲು ಕುತ್ತಿಗೆ ಹಿಂದಕ್ಕೆ ಹಾಕಬೇಕು, ಹೆಚ್ಚುಕಡಿಮೆ ನೆತ್ತಿ ಮೇಲೆ, 75 ಡಿಗ್ರಿ. ಇಲ್ಲಿ ಅದೇ ಮೂರು ಚುಕ್ಕಿ ದಕ್ಷಿಣಕ್ಕೆ 49 ಡಿಗ್ರಿಯಲ್ಲಿ ನಿಂತುಬಿಡುತ್ತೆ. ಸಪ್ತರ್ಷಿ ಮಂಡಲ ಊರಲ್ಲಿ ಹುಟ್ಟಿ ಮುಳುಗುತ್ತೆ, ಇಲ್ಲಿ ಹೆಚ್ಚುಕಡಿಮೆ ಮುಳುಗೋದೇ ಇಲ್ಲ. ಅಗಸ್ತ್ಯ ನಕ್ಷತ್ರ ಊರಲ್ಲಿ ಚಳಿಗಾಲದ ರಾತ್ರಿ ದಕ್ಷಿಣದಲ್ಲಿ ಒಳ್ಳೆ ಬೆಳ್ಳಗೆ ಕಾಣುತ್ತೆ. ಪಿಸ್ಕಾಟವೇಯಲ್ಲಿ ವರ್ಷಪೂರ್ತಿ ಕಾದರೂ ಅದು ದಿಗಂತದಿಂದ ಮೇಲೆ ಬರೋದಿಲ್ಲ, ಮೂರು ಡಿಗ್ರಿ ಕೆಳಗೇ ಹಾದು ಹೋಗುತ್ತೆ. ನಾನು ಇಲ್ಲಿಗೆ ಬಂದು ಇಷ್ಟು ವರ್ಷದಲ್ಲಿ ಅಗಸ್ತ್ಯನನ್ನು ನೋಡಿಲ್ಲ, ಇಲ್ಲಿರುವ ತನಕ ನೋಡೋದೂ ಇಲ್ಲ. ಹಬ್ಬ, ಮದುವೆ, ಮಣ್ಣು ತಪ್ಪಿಸಿಕೊಂಡ ಲೆಕ್ಕದ ಜೊತೆಗೆ ಇದೂ ಒಂದು ಅಂತ ಬರೆದುಕೊಂಡೆ.

ಗಂಟೆಯದೂ ಒಂದು ತಮಾಷೆ ಇದೆ. ಊರಿಗೂ ನಮಗೂ ಗಡಿಯಾರದಲ್ಲಿ ಒಮ್ಮೆ ಒಂಬತ್ತೂವರೆ ತಾಸು, ಚಳಿಗಾಲದಲ್ಲಿ ಹತ್ತೂವರೆ. ಮನೆಯವರಿಗೆ ಇದನ್ನು ವರ್ಷಕ್ಕೆ ಎರಡು ಸಲ ವಿವರಿಸಿ ಸಾಕಾಗಿದೆ. ಪಿಸ್ಕಾಟವೇ ಪಶ್ಚಿಮಕ್ಕೆ ಎಪ್ಪತ್ನಾಲ್ಕೂವರೆ ಡಿಗ್ರಿ, ರಾಣೆಬೆನ್ನೂರು ಪೂರ್ವಕ್ಕೆ ಎಪ್ಪತ್ತೈದೂವರೆ ದಾಟಿದೆ. ಕೂಡಿದರೆ 150, ತಾಸಿಗೆ 15 ಡಿಗ್ರಿ. ಸೂರ್ಯನ ಲೆಕ್ಕದಲ್ಲಿ ಸದಾ ಹತ್ತು ತಾಸು.

ನಿಜವಾದ ಯಂತ್ರ ನೋಡಬೇಕು ಅನ್ನುವವರಿಗೆ ದೂರ ಹೋಗಬೇಕಿಲ್ಲ. ಎಡಿಸನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಪೆನ್ ಸ್ಟೇಷನ್, ಅಲ್ಲಿಂದ ಮೆಟ್ರೋಪಾಲಿಟನ್ ಮ್ಯೂಸಿಯಂ. ಅಲ್ಲಿಯ ಸಂಗ್ರಹದಲ್ಲಿ ಯೆಮೆನ್ ದೇಶದ 1291ರ ಒಂದು ಅಸ್ಟ್ರೋಲೇಬ್ ಇದೆ. ಮೇಲೆ ಕೆತ್ತಿರುವ ಹೆಸರು ಉಮರ್ ಇಬ್ನ್ ಯೂಸುಫ್. ಆಗ ರಾಜಕುಮಾರ, ನಾಲ್ಕು ವರ್ಷದ ನಂತರ ಸುಲ್ತಾನ. ಅರಮನೆಯವನೂ ಅರ ಹಿಡಿಯುತ್ತಿದ್ದ ಅಂತಾಯ್ತು. ಅಪಿಯನ್ನನ ಚಕ್ರಗಳ ಪುಸ್ತಕದ ಒಂದು ಪ್ರತಿಯೂ ಅವರಲ್ಲಿದೆ. ವಿಜಯಪುರದ ಹಸ್ತಪ್ರತಿಗಿಂತ ಒಂಬತ್ತು ವರ್ಷ ಈಚಿನದು, 1579ರಲ್ಲಿ ವಿಯೆನ್ನಾದ ಗೆರ್ಹಾರ್ಡ್ ಎಮ್ಮೋಸರ್ ಎರಡನೇ ರುಡಾಲ್ಫ್ ಚಕ್ರವರ್ತಿಗೆ ಮಾಡಿಕೊಟ್ಟ ಬೆಳ್ಳಿಯ ಆಕಾಶ ಗೋಳವೂ ಇದೆ. ರೆಕ್ಕೆ ಕುದುರೆ ಅದನ್ನು ಬೆನ್ನ ಮೇಲೆ ಹೊತ್ತಿದೆ, ಒಳಗೆ ಗಡಿಯಾರದ ಯಂತ್ರ. ಯಾವುದು ಯಾವ ದಿನ ಹೊರಗೆ ಇಟ್ಟಿರುತ್ತಾರೆ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಟಿಕೆಟ್ಟಿನಲ್ಲಿ ನ್ಯೂಯಾರ್ಕ್ ರಾಜ್ಯದವರಿಗೆ ಮನಸ್ಸಿಗೆ ಬಂದಷ್ಟು ಕೊಡುವ ಸವಲತ್ತು, ನ್ಯೂಜೆರ್ಸಿಯ ಕೆಲಸಗಾರನಿಗೆ ಪೂರ್ತಿ ರೇಟು. ಏನು ಮಾಡೋದು, ಸೇತುವೆ ಈಚೆ ಇದ್ದೀವಿ.

ಅದೂ ಬೇಡ ಅಂದರೆ ಖರ್ಚಿಲ್ಲದ ದಾರಿ ಹೇಳ್ತೀನಿ. ಮಕ್ಕಳ ಕೋನಮಾಪಕ, ಒಂದು ಜ್ಯೂಸ್ ಕುಡಿಯುವ ಕೊಳವೆ, ಒಂದು ಮೊಳ ದಾರ, ತೂಕಕ್ಕೆ ಒಂದು ನಟ್. ಕೋನಮಾಪಕದ ನೇರ ಅಂಚಿಗೆ ಕೊಳವೆ ಅಂಟಿಸಿ, ನಡುವಿನ ತೂತಿನಿಂದ ನಟ್ ಕಟ್ಟಿದ ದಾರ ಇಳಿಬಿಡಿ. ರಾತ್ರಿ ಉತ್ತರಕ್ಕೆ ತಿರುಗಿ ಕೊಳವೆಯಲ್ಲಿ ಧ್ರುವ ನಕ್ಷತ್ರ ಹಿಡಿದು, ದಾರವನ್ನು ಹೆಬ್ಬೆರಳಿನಿಂದ ಒತ್ತಿ, ದಾರ 90ರಿಂದ ಎಷ್ಟು ಸರಿದಿದೆ ಅಂತ ಓದಿ. ಅಷ್ಟೇ ನೀವು ನಿಂತ ಊರಿನ ಅಕ್ಷಾಂಶ. ನಮ್ಮ ಮನೆ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ನಾನು ಮಾಡಿದೆ. ಊರಲ್ಲಿ ಅಣ್ಣನ ಮಗಳು, ಒಂಬತ್ತನೇ ಕ್ಲಾಸು, ಮಾಳಿಗೆ ಮೇಲೆ ನಿಂತು ಮಾಡಿದಳು, 15 ಬಂತು ಅಂದಳು. ನನ್ನದು 41. ಇಪ್ಪತ್ತಾರು ಡಿಗ್ರಿ, ಡಿಗ್ರಿಗೆ 111 ಕಿಲೋಮೀಟರ್, ನಾನು ಅವಳಿಗಿಂತ ಎರಡು ಸಾವಿರದ ಎಂಟುನೂರು ಚಿಲ್ಲರೆ ಕಿಲೋಮೀಟರ್ ಉತ್ತರಕ್ಕೆ ಇದ್ದೀನಿ ಅಂತ ಅವಳೇ ಲೆಕ್ಕ ಹಾಕಿ ಹೇಳಿದಳು.

ದಾರ, ನಟ್ಟು, ಕೊಳವೆ ನಾಲ್ಕು ಸೆಟ್ ತಂದಿದ್ದೀನಿ, ಆ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಮಕ್ಕಳಿರುವವರು ಮೊದಲು ತಗೊಳ್ಳಿ. ಮೋಡ ಇಲ್ಲದ ರಾತ್ರಿ ನೋಡಿ, ಬಂದ ಸಂಖ್ಯೆ ನನಗೆ ಹೇಳಿ. ಪಿಸ್ಕಾಟವೇ, ಎಡಿಸನ್ ಕಡೆಯವರಿಗೆ ನಲವತ್ತು ನಲವತ್ತೊಂದರ ಆಸುಪಾಸು ಬರಬೇಕು. ಬರಲಿಲ್ಲ ಅಂದರೆ ಗಾಳಿಗೆ ನಟ್ಟು ತೂಗಾಡಿದೆ, ಇನ್ನೊಮ್ಮೆ ಹಿಡಿಯಿರಿ.